ಅಮ್ಮನ ಹೆಜ್ಜೆಯಲ್ಲಿ ಅಳೆದ ರಸ್ತೆ: ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಬೀದಿ ರೂಪಿಸುವ ಬಗೆ

ಇಪ್ಪತ್ತೆರಡು ವರ್ಷ ರಸ್ತೆಗಳ ನಕ್ಷೆ ಬಿಡಿಸುವುದೇ ನನ್ನ ಕೆಲಸವಾಗಿತ್ತು. ಮೊದಲು ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಗಂಟೆಗೆ ಎಷ್ಟು ವಾಹನ ಹೋಗುತ್ತವೆ, ಉದ್ದದ ಲಾರಿ ತಿರುಗಲು ಎಷ್ಟು ಜಾಗ ಬೇಕು, ಮಳೆನೀರು ಯಾವ ಕಡೆ ಹರಿಯಬೇಕು, ಎಲ್ಲ ಬಾಯಿಪಾಠ. ಆ ಲೆಕ್ಕದಲ್ಲಿ ನಡೆಯುವ ಮನುಷ್ಯ ಒಂದೇ ಒಂದು ಅಂಕಿಯಾಗಿದ್ದ: ಸೆಕೆಂಡಿಗೆ 1.2 ಮೀಟರ್. ರಸ್ತೆಯ ಅಗಲವನ್ನು ಅದರಿಂದ ಭಾಗಿಸಿದರೆ ಸಿಗ್ನಲ್ಲಿನಲ್ಲಿ ದಾಟಲು ಎಷ್ಟು ಹೊತ್ತು ಕೊಡಬೇಕು ಅನ್ನುವುದು ಸಿಗುತ್ತದೆ. 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡು. ಪುಸ್ತಕದ ಪ್ರಕಾರ ಸರಿಯೇ.

ಆಮೇಲೆ ಅಮ್ಮನ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮೂರು ತಿಂಗಳಿಗೆ ವಾಕರ್ ಹಿಡಿದು ನಡೆಯತೊಡಗಿದಳು. ಒಂದು ದಿನ ನಾನೇ ನಕ್ಷೆ ಬಿಡಿಸಿದ್ದ ರಸ್ತೆಯನ್ನು ಅವಳ ಜೊತೆ ದಾಟಿದೆ. ವಾಕರ್ ಮುಂದಿಡುವುದು, ಒಂದು ಕಾಲು, ಇನ್ನೊಂದು ಕಾಲು, ಒಂದು ಉಸಿರು. ಮತ್ತೆ ವಾಕರ್. ಹಸಿರು ಹೋದಾಗ ನಾವು ಸರಿಯಾಗಿ ನಡುರಸ್ತೆಯಲ್ಲಿದ್ದೆವು. ಎರಡೂ ಕಡೆ ಇಂಜಿನ್ ಸದ್ದು ಏರಿತು. ಯಾರೋ ಹಾರ್ನ್ ಒತ್ತಿದರು. ಅಮ್ಮ ತಲೆ ತಗ್ಗಿಸಿ, "ನನ್ನಿಂದ ಎಲ್ರಿಗೂ ತಡ ಆಯ್ತು ಕಣೋ" ಅಂದಳು.

ತಡ ಮಾಡಿದ್ದು ಅವಳಲ್ಲ. ನನ್ನ ಅಂಕಿಯೇ ತಪ್ಪಾಗಿತ್ತು. ಅವಳ ನಡಿಗೆ ಸೆಕೆಂಡಿಗೆ 0.6 ಮೀಟರ್. ಅವಳಿಗೆ 24 ಸೆಕೆಂಡು ಬೇಕಿತ್ತು, ನಾನು ಅರ್ಧ ಕೊಟ್ಟಿದ್ದೆ. ಅವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ನಿಮ್ಮ ಬೀದಿ, ನಿಮ್ಮ ಮಕ್ಕಳು ಶಾಲೆಗೆ ಹೋಗುವ ದಾರಿ, ಊರಂಚಿನ ಕಾಲುದಾರಿ ಸುರಕ್ಷಿತವಾಗಬೇಕು ಅನ್ನುವ ಆಸೆ ನಿಮಗಿದ್ದರೆ, ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಇದಕ್ಕೆ ಇಂಜಿನಿಯರ್ ಆಗಿರಬೇಕಿಲ್ಲ.

ಮೊದಲು ನಡೆಯಿರಿ, ಆಮೇಲೆ ಗೆರೆ ಎಳೆಯಿರಿ

ನಿಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು? ಅವರ ಜೊತೆ ಆ ರಸ್ತೆಯಲ್ಲಿ ಒಂದು ಸಲ ಹೋಗಿ ಬನ್ನಿ. ವೀಲ್‌ಚೇರಿನವರು, ಕೈಗೂಸನ್ನು ಗಾಡಿಯಲ್ಲಿ ತಳ್ಳುವ ತಾಯಿ, ಕಣ್ಣು ಕಾಣದವರು, ಯಾರಾದರೂ ಸರಿ. ಸುಮ್ನೆ ಅವರ ವೇಗದಲ್ಲೇ ನಡೆಯಿರಿ. ಕೈಹಿಡಿದು ಎಳೆಯಬೇಡಿ, ಸಹಾಯ ಮಾಡಲು ಮುಂದಾಗಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದರು, ಎಲ್ಲಿ ಎರಡು ಸಲ ಹಿಂದೆ ತಿರುಗಿ ನೋಡಿದರು, ಗುರುತು ಹಾಕಿಕೊಳ್ಳಿ. ಇದೇ ನಿಮ್ಮ ಮೊದಲ ನಕ್ಷೆ. ಹಗಲು ಒಂದು ಸಲ, ಕತ್ತಲಾದ ಮೇಲೆ ಒಂದು ಸಲ, ಸಾಧ್ಯವಾದರೆ ಮಳೆ ಬಿದ್ದಾಗ ಒಂದು ಸಲ ಹೋಗಿ. ಮಳೆಯಲ್ಲಿ ದಾಟುವ ಜಾಗದಲ್ಲೇ ನೀರು ನಿಂತಿದ್ದರೆ ಜನ ಬೇರೆ ಕಡೆಯಿಂದ ದಾಟುತ್ತಾರೆ, ಅಲ್ವಾ? ಬಿಸಿಲಿನಲ್ಲಿ ಅದು ಗೊತ್ತಾಗುವುದಿಲ್ಲ.

ದಾಟುವ ಜಾಗಕ್ಕೆ ಬಂದಾಗ ಒಮ್ಮೆ ಮೊಣಕಾಲೂರಿ ಕೂತು ನೋಡಿ. ಐದಾರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ನಿಂತಾಗ ಕಾರಿನ ಮೇಲಿಂದ ಕಾಣುತ್ತಿದ್ದ ರಸ್ತೆ, ಕೂತಾಗ ಪೂರ್ತಿ ಮಾಯವಾಗುತ್ತದೆ. ಕಾಣುವುದು ನಿಂತ ಕಾರಿನ ಬಾಗಿಲು ಮಾತ್ರ. ಮಗು ಕಾರಿನ ಮರೆಯಿಂದ "ಏಕಾಏಕಿ ಓಡಿ ಬಂತು" ಅನ್ನುತ್ತಾರಲ್ಲ, ಆ ಮಗುವಿಗೆ ನೋಡಲು ಬೇರೆ ಜಾಗವೇ ಇರಲಿಲ್ಲ.

ಇನ್ನೊಂದನ್ನು ಗಮನಿಸಿ. ಕೂಡುರಸ್ತೆಯಲ್ಲಿ ದೂಳು, ಒಣಗಿದ ಎಲೆ ಎಲ್ಲಿ ಗುಡ್ಡೆಯಾಗಿ ಬಿದ್ದಿದೆ? ಅಲ್ಲಿ ಯಾವ ಚಕ್ರವೂ ಹೋಗುತ್ತಿಲ್ಲ ಎಂದರ್ಥ. ಡಾಂಬರು ಹಾಕಿದ್ದರೂ ಅಷ್ಟು ಜಾಗ ವಾಹನಕ್ಕೆ ಬೇಕಿಲ್ಲ. ಹಿಮ ಬೀಳುವ ಊರುಗಳಲ್ಲಿ ತುಳಿಯದೆ ಉಳಿದ ಹಿಮ ನೋಡಿ ಇದೇ ಲೆಕ್ಕ ಹಾಕುತ್ತಾರೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. "ಜಾಗವೇ ಇಲ್ಲ" ಎಂದು ಯಾರಾದರೂ ಹೇಳಿದಾಗ ತೋರಿಸಲು ಬೇಕಾಗುತ್ತದೆ.

ವೇಗ ಅಳೆಯುವುದು: ಒಂದು ಟೇಪು, ಒಂದು ಫೋನು

ಬೀದಿಯಲ್ಲಿ ಗಾಡಿಗಳು ತುಂಬಾ ಜೋರಾಗಿ ಹೋಗುತ್ತವೆ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಂಕಿ ಕೊಟ್ಟರೆ ಕೇಳುತ್ತಾರೆ. ಅಳೆಯುವುದು ಸುಲಭ. ರಸ್ತೆ ಬದಿಯಲ್ಲಿ 50 ಮೀಟರ್ ಅಳೆದು ಎರಡು ತುದಿಗೂ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದು ಮುಟ್ಟಿದಾಗ ನಿಲ್ಲಿಸಿ. 180 ಅನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದೇ ಗಂಟೆಗೆ ಕಿಲೋಮೀಟರ್. 6 ಸೆಕೆಂಡು ಬಂದರೆ 30. ನಾಲ್ಕೂವರೆ ಬಂದರೆ 40. 3 ಸೆಕೆಂಡು ಬಂದರೆ 60.

ಗಾಡಿಗಳು ಒಂದರ ಹಿಂದೆ ಒಂದು ಅಂಟಿಕೊಂಡು ಹೋಗುವ ಹೊತ್ತಿನಲ್ಲಿ ಅಳೆಯಬೇಡಿ. ರಸ್ತೆ ಖಾಲಿ ಇದ್ದು, ಚಾಲಕರು ತಮಗೆ ಬೇಕಾದ ವೇಗದಲ್ಲಿ ಹೋಗುವಾಗ ಅಳೆಯಿರಿ. ನೂರು ವಾಹನ ಆಗಲಿ. ನಿಧಾನದಿಂದ ವೇಗದ ಕಡೆಗೆ ಸಾಲಾಗಿ ಬರೆದು 85ನೆಯದನ್ನು ನೋಡಿ. ರಸ್ತೆ ಇಂಜಿನಿಯರುಗಳು ಮಾತಾಡುವುದು ಆ ಅಂಕಿಯ ಭಾಷೆಯಲ್ಲೇ. ಅಳೆಯುವಾಗ ಎದ್ದುಕಾಣುವಂತೆ ನಿಲ್ಲಬೇಡಿ. ಕೈಯಲ್ಲಿ ಏನೋ ಹಿಡಿದು ನಿಂತವರನ್ನು ಕಂಡರೆ ಎಲ್ಲರೂ ನಿಧಾನ ಮಾಡುತ್ತಾರೆ.

ವೇಗದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಹೇಳುತ್ತೇನೆ. ಅಡ್ಡ ಯಾರೋ ಬಂದದ್ದು ಕಂಡು ಬ್ರೇಕಿನ ಮೇಲೆ ಕಾಲಿಡಲು ಚಾಲಕರಿಗೆ ಒಂದು ಸೆಕೆಂಡು ಹಿಡಿಯಿತು ಎಂದುಕೊಳ್ಳಿ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ. 30ರಲ್ಲಿ ಬರುವ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಓಡಿ, ಬ್ರೇಕ್ ಬಿದ್ದ ಮೇಲೆ ಇನ್ನೊಂದು 5 ಮೀಟರಿಗೆ ನಿಲ್ಲುತ್ತದೆ. ಒಟ್ಟು 13. ಅದೇ ಕಾರು 50ರಲ್ಲಿ ಬಂದರೆ? ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಓಡಿಬಿಡುತ್ತದೆ, ನಿಲ್ಲಲು ಇನ್ನೂ 14. ಅಂದರೆ ಮಗು 13 ಮೀಟರ್ ದೂರದಲ್ಲಿ ರಸ್ತೆಗಿಳಿದರೆ, 30ರ ಕಾರು ಅದರ ಮುಂದೆ ಬಂದು ನಿಂತಿರುತ್ತದೆ. 50ರ ಕಾರು ಸ್ವಲ್ಪವೂ ವೇಗ ಇಳಿಸದೆ ಗುದ್ದುತ್ತದೆ. ಚಾಲಕರ ಕಾಲು ಇನ್ನೂ ಬ್ರೇಕ್ ಮುಟ್ಟಿಯೇ ಇರುವುದಿಲ್ಲ. ಒಳ್ಳೆ ಚಾಲಕರು, ಕೆಟ್ಟ ಚಾಲಕರು ಅನ್ನುವ ಮಾತೇ ಇಲ್ಲಿ ಬರುವುದಿಲ್ಲ.

ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ 2023ರ ವರದಿಯ ಪ್ರಕಾರ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11 ಲಕ್ಷ 90 ಸಾವಿರ ಜನ ಸಾಯುತ್ತಾರೆ. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ, ನಡೆದು ಹೋಗುತ್ತಿದ್ದವರು.

ಬೋರ್ಡಿನಿಂದ ವೇಗ ಇಳಿಯುವುದಿಲ್ಲ

"30 ಕಿ.ಮೀ." ಅಂತ ಬೋರ್ಡು ನೆಟ್ಟು, ರಸ್ತೆಯನ್ನು ಮಾತ್ರ ಅಗಲವಾಗಿ, ನೇರವಾಗಿ, ನುಣುಪಾಗಿ ಬಿಟ್ಟರೆ ರಸ್ತೆಯೇ "ಇನ್ನೂ ಜೋರಾಗಿ ಬಾ" ಅನ್ನುತ್ತಿರುತ್ತದೆ. ಚಾಲಕರು ಕೇಳುವುದು ರಸ್ತೆಯ ಮಾತನ್ನು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದಂತೆ ರಸ್ತೆಯನ್ನು ಕಟ್ಟಬೇಕು ಅನ್ನುವ ಮಾತನ್ನು 1997ರಲ್ಲಿ ಸ್ವೀಡನ್ನಿನ ಸಂಸತ್ತು ತನ್ನ ನೀತಿಯಾಗಿ ಒಪ್ಪಿಕೊಂಡಿತು. ವಿಷನ್ ಝೀರೋ ಎಂದು ಅದಕ್ಕೆ ಹೆಸರು. ಪಕ್ಕದ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2019ರಲ್ಲಿ ನಡೆಯುವವರು ಒಬ್ಬರೂ ವಾಹನಕ್ಕೆ ಸಿಕ್ಕಿ ಸಾಯಲಿಲ್ಲ. ಅಲ್ಲಿ ವೇಗದ ಮಿತಿಯನ್ನು ಹಂತಹಂತವಾಗಿ ಇಳಿಸುತ್ತಾ, ಜೊತೆಗೆ ರಸ್ತೆಯ ರೂಪವನ್ನೂ ಬದಲಿಸುತ್ತಾ ಬಂದಿದ್ದರು.

ರೂಪ ಬದಲಿಸುವುದು ಎಂದರೆ ಏನು? ಮೊದಲನೆಯದು ಲೇನಿನ ಅಗಲ. ಹೆದ್ದಾರಿಯ 3.5 ಮೀಟರ್ ಲೇನನ್ನು ತಂದು ಮನೆಗಳಿರುವ ರಸ್ತೆಗೆ ಹಾಕುವುದು ನಮ್ಮ ವೃತ್ತಿಯವರ ಹಳೆಯ ಅಭ್ಯಾಸ. ಊರೊಳಗೆ 3 ಮೀಟರ್ ಸಾಕು. ಬಸ್ಸು ಜಾಸ್ತಿ ಓಡಾಡುವ ರಸ್ತೆಯಾದರೆ ಅಂಚಿನ ಲೇನಿಗೆ 3.3 ಬಿಡಿ. ಲೇನ್ ಕಿರಿದಾದಂತೆ ಚಾಲಕರ ಕಾಲು ತಾನೇ ಹಗುರಾಗುತ್ತದೆ. ಉಳಿದ ಜಾಗದಿಂದ ಏನು ಮಾಡಬಹುದು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯದು ಮೂಲೆಯ ತಿರುವು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಾನು ಬಿಡಿಸಿದ್ದ ಒಂದು ಕೂಡುರಸ್ತೆಯ ಮೂಲೆಗೆ 9 ಮೀಟರ್ ತ್ರಿಜ್ಯ ಕೊಟ್ಟಿದ್ದೆ. ನಕ್ಷೆಯಲ್ಲಿ ಅದು ಚೆಂದದ ಬಾಗು. ನೆಲದ ಮೇಲೆ ಅದು ಕಾರುಗಳಿಗೆ ಬ್ರೇಕ್ ಹಾಕದೆ ತಿರುಗಲು ಅನುಕೂಲ ಮಾಡಿಕೊಟ್ಟಿತ್ತು. ದಾಟುವವರಿಗೆ ದೂರವೂ ಜಾಸ್ತಿಯಾಗಿತ್ತು. ಒಂದು ಬೆಳಿಗ್ಗೆ ಅನುಮತಿ ಪಡೆದು, ಸುಣ್ಣದ ಪುಡಿಯಲ್ಲಿ 4 ಮೀಟರ್ ತ್ರಿಜ್ಯದ ಹೊಸ ಬಾಗು ಎಳೆದು, ಗೆರೆಯ ಮೇಲೆ ರಬ್ಬರ್ ಕೋನುಗಳನ್ನು ಇಟ್ಟೆವು. ಬೇರೇನೂ ಮಾಡಲಿಲ್ಲ. ಮೊದಲ ಕಾರು ಬಂತು. ಮೂಲೆಗೆ ಇನ್ನೂ ಹತ್ತು ಮೀಟರ್ ಇರುವಾಗಲೇ ಅದರ ಹಿಂದಿನ ಕೆಂಪು ದೀಪ ಹತ್ತಿತು. ಎರಡನೆಯದರದ್ದೂ ಹತ್ತಿತು. ಅರ್ಧ ಗಂಟೆ ನಿಂತು ಎಣಿಸಿದೆ. ಹಿಂದಿನ ದಿನ ಅದೇ ಹೊತ್ತಿನಲ್ಲಿ ದೀಪ ಹತ್ತದೆ ತಿರುಗಿದ ಕಾರುಗಳೇ ಜಾಸ್ತಿ ಇದ್ದವು. ಆ ಕೆಂಪು ದೀಪ ಕಂಡು ನನಗೆ ಆದ ಸಮಾಧಾನ, ಇಪ್ಪತ್ತೆರಡು ವರ್ಷದಲ್ಲಿ ಯಾವ ನಕ್ಷೆ ಮುಗಿಸಿದಾಗಲೂ ಆಗಿರಲಿಲ್ಲ.

"ಲಾರಿ ಹೇಗೆ ತಿರುಗುತ್ತದೆ? ಅಗ್ನಿಶಾಮಕದ ಗಾಡಿ?" ಎಂದು ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ಮೂಲೆಯಲ್ಲಿ ಒರಟು ಕಲ್ಲು ಹಾಸಿ, ನಾಲ್ಕೈದು ಸೆಂಟಿಮೀಟರಿನಷ್ಟು ಮಾತ್ರ ಎತ್ತರಿಸಿದ ಪಟ್ಟಿ ಮಾಡಿ. ಲಾರಿಯ ಹಿಂದಿನ ಚಕ್ರ ಅದರ ಮೇಲೆ ಹತ್ತಿ ಹೋಗುತ್ತದೆ. ಕಾರಿನವರು ಕುಲುಕಾಟ ಬೇಡವೆಂದು ಹೊರಗೇ ತಿರುಗುತ್ತಾರೆ. ದಾಟುವವರು ನಿಲ್ಲುವ ಜಾಗ ಮಾತ್ರ ಆ ಪಟ್ಟಿಯ ಮೇಲೆ ಬರಬಾರದು. ಇದನ್ನು ಮರೆತರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹಂಪ್ ಬಗ್ಗೆ ಒಂದು ಮಾತು. ರಸ್ತೆಗೆ ಅಡ್ಡಲಾಗಿ ಚೂಪಾದ ದಿಣ್ಣೆ ಹಾಕಿಬಿಡುವುದು ನನಗೆ ಇಷ್ಟವಿಲ್ಲ. ಸೈಕಲಿನವರು ಬೀಳುತ್ತಾರೆ, ಆಂಬುಲೆನ್ಸಿನಲ್ಲಿ ಮಲಗಿದವರು ನರಳುತ್ತಾರೆ. ಅದರ ಬದಲು ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ, ಸುಮಾರು 10 ಸೆಂಟಿಮೀಟರ್ ಎತ್ತರಿಸಿ. ಮೇಲ್ಭಾಗ ಚಪ್ಪಟೆಯಾಗಿ ಕನಿಷ್ಠ 3 ಮೀಟರ್ ಇರಲಿ, ವಾಹನ ಹತ್ತುವ ಇಳಿಜಾರು ನಯವಾಗಿರಲಿ. ಹೀಗೆ ಮಾಡಿದರೆ ನಡೆಯುವವರು ಇಳಿದು ಹತ್ತುವ ಕಷ್ಟವಿಲ್ಲ. ವಾಹನವೇ ಹತ್ತಿ ಇಳಿಯುತ್ತದೆ. ಎರಡೂ ಬದಿಯಲ್ಲಿ ಮಳೆನೀರು ಹೋಗಲು ದಾರಿ ಬಿಡಿ, ಇಲ್ಲದಿದ್ದರೆ ಮೊದಲ ಮಳೆಗೇ ಅಲ್ಲಿ ಕೊಳ ಆಗುತ್ತದೆ.

ದಾಟುವ ಜಾಗ

ಅಮ್ಮನನ್ನು ನಿಲ್ಲಿಸಿಕೊಂಡಿದ್ದ ಆ 14 ಮೀಟರ್ ರಸ್ತೆಗೆ ಬರೋಣ. ಅದರಲ್ಲಿ ತಲಾ 3.5 ಮೀಟರಿನ ನಾಲ್ಕು ಲೇನುಗಳು. ಬಸ್ಸುಗಳು ಅಲ್ಲಿ ಹೋಗುವುದಿಲ್ಲ. ಪ್ರತಿ ಲೇನನ್ನೂ 3 ಮೀಟರಿಗೆ ಇಳಿಸಿದರೆ ನಾಲ್ಕಕ್ಕೂ ಸೇರಿ 12 ಮೀಟರ್. ಉಳಿಯುವುದು 2 ಮೀಟರ್. ಒಂದು ಲೇನೂ ಕಳೆಯದೆ, ಯಾರ ಜಾಗವನ್ನೂ ಕೇಳದೆ, ನಡುರಸ್ತೆಯಲ್ಲಿ ದಾಟುವವರು ನಿಂತು ಕಾಯಲು 2 ಮೀಟರ್ ಅಗಲದ ತಂಗುದ್ವೀಪ ಸಿಗುತ್ತದೆ. ಆಗ ಅಮ್ಮ ಒಂದು ಸಲಕ್ಕೆ ದಾಟಬೇಕಾದ್ದು 6 ಮೀಟರ್ ಮಾತ್ರ. ಅವಳ ಹೆಜ್ಜೆಗೆ 10 ಸೆಕೆಂಡು. ಸಿಗ್ನಲ್ಲಿನ 12 ಸೆಕೆಂಡಿನಲ್ಲಿ ಎರಡು ಉಳಿಯಿತು. ಕಾಗದದ ಮೇಲೆ ಈ ಲೆಕ್ಕ ಬರೆದಾಗ, ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದು ಸಂಕಟವಾಯಿತು.

ದ್ವೀಪ 2 ಮೀಟರಿಗಿಂತ ಕಿರಿದಾಗಬಾರದು. ಸೈಕಲಿನ ಉದ್ದವೇ ಸುಮಾರು 1.8 ಮೀಟರ್. ಕಿರಿದಾದರೆ ಸೈಕಲಿನ ಹಿಂದಿನ ಚಕ್ರ, ಇಲ್ಲವೇ ಮಗುವಿನ ಗಾಡಿ ರಸ್ತೆಗೆ ಚಾಚಿಕೊಂಡಿರುತ್ತದೆ. ಮಧ್ಯದಲ್ಲಿ ದಾಟುವ ಭಾಗ ರಸ್ತೆಯ ಮಟ್ಟದಲ್ಲೇ ಇರಲಿ, ವಾಕರ್ ಎತ್ತಿ ಇಡುವಂತಾಗಬಾರದು.

ಜೀಬ್ರಾ ಪಟ್ಟಿಗೆ ಮೊದಲು ಕನಿಷ್ಠ 5 ಮೀಟರ್, ಸಾಧ್ಯವಾದರೆ 10 ಮೀಟರ್ ಯಾವ ವಾಹನವೂ ನಿಲ್ಲದಂತೆ ಮಾಡಿ. ನಾನು ಮೊಣಕಾಲೂರಿ ಕೂರಲು ಹೇಳಿದ್ದು ಇದಕ್ಕೇ. ಬರೀ ಬಣ್ಣ ಬಳಿದರೆ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಸೈಕಲ್ ಸ್ಟ್ಯಾಂಡ್, ತಗ್ಗು ಗಿಡಗಳ ಮಡಿ ಅಥವಾ ಫುಟ್‌ಪಾತಿನ ಚಾಚು ಮಾಡಿಬಿಡಿ. ಅಮೆರಿಕದ ನ್ಯೂಜೆರ್ಸಿಯ ಹೊಬೊಕೆನ್ ಎಂಬ ಪುಟ್ಟ ಊರು ಮೂಲೆಗಳನ್ನು ಹೀಗೆ ತೆರವು ಮಾಡುವ ಕೆಲಸವನ್ನು ಊರು ತುಂಬಾ ಮಾಡಿತು. 2017ರಿಂದ ಹಲವು ವರ್ಷ ಅಲ್ಲಿ ರಸ್ತೆಯಲ್ಲಿ ಒಂದು ಸಾವೂ ಆಗಲಿಲ್ಲ. ಅಲ್ಲಿ ಬೇರೆ ಕೆಲಸಗಳೂ ನಡೆದಿವೆ, ಎಲ್ಲದರ ಫಲ ಅದು. ಆದರೆ ಮೊದಲು ಮಾಡಬಹುದಾದ ಸುಲಭದ ಕೆಲಸ ಇದೇ.

ಸಿಗ್ನಲ್ ಇರುವ ಕಡೆ ಒಂದು ಬದಲಾವಣೆ ಕೇಳಿ. ವಾಹನಗಳಿಗೆ ಹಸಿರು ಬೀಳುವುದಕ್ಕಿಂತ 3ರಿಂದ 7 ಸೆಕೆಂಡು ಮೊದಲೇ ನಡೆಯುವವರಿಗೆ ಹಸಿರು ಬೀಳಬೇಕು. ಅಷ್ಟರಲ್ಲಿ ಅವರು ರಸ್ತೆಯ ಮೇಲೆ ಎದ್ದುಕಾಣುವ ಜಾಗಕ್ಕೆ ಬಂದಿರುತ್ತಾರೆ, ತಿರುಗುವ ವಾಹನಗಳಿಗೆ ಅವರು ಕಾಣುತ್ತಾರೆ. ಇದಕ್ಕೆ ಸಿಮೆಂಟು ಬೇಡ, ಕಲ್ಲು ಬೇಡ. ಬೇಕಾದ್ದು ಸಿಗ್ನಲ್ಲಿನ ಪೆಟ್ಟಿಗೆಯಲ್ಲಿ ಸಮಯ ಬದಲಿಸುವುದು ಮಾತ್ರ. ದಾಟಲು ಕಾಯುವ ಹೊತ್ತೂ ಕಡಿಮೆ ಇರಲಿ. ಅರ್ಧ ನಿಮಿಷ ದಾಟಿತೆಂದರೆ ಜನ ತಾಳ್ಮೆ ಕಳೆದುಕೊಂಡು ನುಗ್ಗುತ್ತಾರೆ.

ದೀಪದ ಕಂಬವನ್ನು ಜೀಬ್ರಾ ಪಟ್ಟಿಯ ನೆತ್ತಿಯ ಮೇಲೆ ನಿಲ್ಲಿಸಬೇಡಿ. ವಾಹನ ಬರುವ ಕಡೆಯಿಂದ ನೋಡಿದರೆ ಪಟ್ಟಿಗಿಂತ ಸ್ವಲ್ಪ ಮೊದಲೇ ಇರಬೇಕು. ಆಗ ಬೆಳಕು ದಾಟುವವರ ಮೇಲೆ ಚಾಲಕರಿಗೆ ಕಾಣುವ ಮಗ್ಗುಲಿಂದ ಬೀಳುತ್ತದೆ. ಪಟ್ಟಿಯ ಆಚೆ ಕಂಬವಿದ್ದರೆ ಮನುಷ್ಯ ಬರೀ ಕಪ್ಪು ನೆರಳಾಗಿ ಕಾಣುತ್ತಾನೆ.

ಪಾದಚಾರಿ ಮೇಲ್ಸೇತುವೆ ಬೇಕೆಂದು ಯಾರಾದರೂ ಹೇಳಿದರೆ ನಾನು ವಿರೋಧಿಸುತ್ತೇನೆ. ನಲವತ್ತು ಮೆಟ್ಟಿಲು ಹತ್ತಿ ನಲವತ್ತು ಇಳಿಯಲು ಅಮ್ಮನಿಗೆ ಹೇಳಿ ನೋಡೋಣ. ಹೆದ್ದಾರಿಗೆ, ರೈಲು ಹಳಿಗೆ ಅದು ಬೇಕಾಗಬಹುದು. ಊರೊಳಗಿನ ರಸ್ತೆಯಲ್ಲಿ ಅದು ವಾಹನಗಳಿಗೆ ತಡೆ ಆಗದಿರಲೆಂದು ಮನುಷ್ಯರನ್ನು ಮೇಲೆ ಕಳಿಸುವ ಏರ್ಪಾಟು ಅಷ್ಟೇ.

ಫುಟ್‌ಪಾತು

ಇದಕ್ಕೆ ಹೆಚ್ಚು ಮಾತು ಬೇಡ. ಕಂಬ, ಪೆಟ್ಟಿಗೆ, ಮರ ಎಲ್ಲ ಬಿಟ್ಟು ನಡೆಯಲು ಸಿಗುವ ಖಾಲಿ ಅಗಲ 1.8 ಮೀಟರ್ ಇರಬೇಕು. ಎದುರುಬದುರು ಬರುವ ಎರಡು ವೀಲ್‌ಚೇರ್ ದಾಟಿಹೋಗಲು ಅಷ್ಟು ಬೇಕು. ಫುಟ್‌ಪಾತಿನ ಅಂಚಿನ ಕರ್ಬ್ ಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಮೀರಿದರೆ ಜನ ಹತ್ತುವುದೇ ಇಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಇಳಿಯುವ ಕಡೆ ರ‍್ಯಾಂಪು 12 ಸೆಂಟಿಮೀಟರ್ ಉದ್ದಕ್ಕೆ 1 ಸೆಂಟಿಮೀಟರಿಗಿಂತ ಹೆಚ್ಚು ಏರಬಾರದು. ಮನೆಗಳ ಗೇಟಿನ ಮುಂದೆ ಫುಟ್‌ಪಾತನ್ನು ಕತ್ತರಿಸಿ ಇಳಿಸಬೇಡಿ, ಕಾರೇ ಹತ್ತಿ ಇಳಿಯಲಿ. ಹತ್ತು ಮನೆ ದಾಟುವಾಗ ಹತ್ತು ಸಲ ಇಳಿದು ಹತ್ತುವುದು ನಡಿಗೆಯಲ್ಲ, ಶಿಕ್ಷೆ.

ಕಣ್ಣು ಕಾಣದವರಿಗೆ ಹಾಕುವ ಉಬ್ಬುಗಳಿರುವ ಹಳದಿ ಹಾಸು ನೋಡಿದ್ದೀರಲ್ಲ? ಜಪಾನಿನ ಸೇಯಿಚಿ ಮಿಯಾಕೆ ಅದನ್ನು 1965ರಲ್ಲಿ ರೂಪಿಸಿದರು. 1967ರಲ್ಲಿ ಒಕಾಯಾಮ ಊರಿನಲ್ಲಿ ಮೊದಲು ಹಾಕಿದರು. ಉದ್ದ ಗೆರೆ ಇದ್ದರೆ ಹೀಗೇ ಮುಂದೆ ಹೋಗಿ ಎಂದು, ಗುಂಡು ಚುಕ್ಕೆ ಇದ್ದರೆ ನಿಲ್ಲಿ, ಮುಂದೆ ರಸ್ತೆಯೋ ಮೆಟ್ಟಿಲೋ ಇದೆ ಎಂದು. ಕೆಲಸದವರಿಗೆ ಈ ಅರ್ಥವನ್ನು ಹೇಳಿ. ಅಂದಕ್ಕೆಂದು ಎರಡನ್ನೂ ಬೆರೆಸಿ ಹಾಕಿದ್ದನ್ನೂ, ಗೆರೆ ನೇರ ಕಂಬಕ್ಕೆ ಹೋಗಿ ಮುಟ್ಟಿದ್ದನ್ನೂ ನಾನು ಕಂಡಿದ್ದೇನೆ. ಕೂರಲು ಅಲ್ಲಲ್ಲಿ ಬೆಂಚು ಇರಲಿ. ಕೂರುವ ಜಾಗ ಗೊತ್ತಿದ್ದರೆ ಅಮ್ಮನಂಥವರು ಧೈರ್ಯವಾಗಿ ಮನೆಯಿಂದ ಹೊರಡುತ್ತಾರೆ.

ಸೈಕಲ್

ಸೈಕಲ್ ಪಥವನ್ನು ಹೆಲ್ಮೆಟ್ ಹಾಕಿ ವೇಗವಾಗಿ ಹೋಗುವ ಯುವಕರಿಗೆಂದು ಬಿಡಿಸಬೇಡಿ. ಅವರು ಹೇಗೂ ಹೋಗುತ್ತಾರೆ. ಹತ್ತು ವರ್ಷದ ಮಗುವನ್ನು ಒಂಟಿಯಾಗಿ ಕಳಿಸಲು ಮನಸ್ಸು ಒಪ್ಪುತ್ತದಾ? ಅದೇ ಅಳತೆ. ವಾಹನ ಕಡಿಮೆ ಇದ್ದು ವೇಗ 30 ಮೀರದ ಬೀದಿಯಲ್ಲಿ ಎಲ್ಲರೂ ಬೆರೆತು ಹೋಗಬಹುದು, ಬೇರೆ ಪಥ ಬೇಡ. ಅದಕ್ಕಿಂತ ವೇಗವಿದ್ದರೆ ಬೇರೆ ಮಾಡಲೇಬೇಕು. ಬೇರೆ ಮಾಡುವುದು ಎಂದರೆ ಬಿಳಿ ಗೆರೆ ಎಳೆಯುವುದಲ್ಲ. ಗೆರೆ ಯಾವ ಕಾರನ್ನೂ ತಡೆಯುವುದಿಲ್ಲ. ಕಲ್ಲಿನ ಕಟ್ಟೆ, ಗಿಡದ ಕುಂಡ, ಇಲ್ಲವೇ ಎತ್ತರದ ವ್ಯತ್ಯಾಸ ಬೇಕು.

ಒಂದೇ ದಿಕ್ಕಿನದಾದರೆ 2 ಮೀಟರ್ ಅಗಲ ಕೊಡಿ. ಅಕ್ಕಪಕ್ಕ ಮಾತಾಡುತ್ತಾ ಹೋಗಲೂ, ಹಿಂದಿನವರು ದಾಟಲೂ ಆಗುತ್ತದೆ. ಎರಡು ದಿಕ್ಕಿನದಾದರೆ 3 ಮೀಟರ್. ಪಕ್ಕದಲ್ಲಿ ಕಾರು ನಿಲ್ಲುತ್ತವೆ ಎಂದರೆ ನಡುವೆ ಇನ್ನೂ ಒಂದು ಮೀಟರಿನಷ್ಟು ಬಿಡಿ. ತೆರೆದ ಬಾಗಿಲಿಗೆ ಗುದ್ದಿ ಬೀಳುವುದು ಸೈಕಲಿನವರಿಗೆ ದೊಡ್ಡ ಅಪಾಯ.

ಮಗಳ ಕಥೆ ಹೇಳಲೇಬೇಕು. ಚರಂಡಿಯ ಕಬ್ಬಿಣದ ಜಾಲರಿಯ ಸರಳುಗಳು ಸೈಕಲ್ ಹೋಗುವ ದಿಕ್ಕಿಗೇ ಉದ್ದುದ್ದ ಇದ್ದವು. ಮುಂದಿನ ಚಕ್ರ ಸರಳುಗಳ ಸಂದಿನಲ್ಲಿ ಇಳಿದು ಸೈಕಲ್ ನಿಂತೇ ಹೋಯಿತು. ಮಗಳು ಹ್ಯಾಂಡಲ್ ದಾಟಿ ಮುಂದೆ ಬಿದ್ದಳು, ಗದ್ದಕ್ಕೆ ನಾಲ್ಕು ಹೊಲಿಗೆ. ಸಂಜೆ ಹೋಗಿ ಆ ಜಾಲರಿ ಅಳೆದೆ. ಉದ್ದಗಲ ಎರಡೂ ಒಂದೇ, ಚೌಕ. ಕೂರಿಸಿದವರು ಎತ್ತಿ ಕಾಲು ಸುತ್ತು ತಿರುಗಿಸಿ ಇಟ್ಟಿದ್ದರೆ ಸಾಕಿತ್ತು. ಸರಳುಗಳು ಅಡ್ಡಡ್ಡ ಇದ್ದು ಚಕ್ರ ಅದರ ಮೇಲೆ ಉರುಳಿ ಹೋಗುತ್ತಿತ್ತು. ನಿಮ್ಮ ಬೀದಿಯ ಜಾಲರಿಗಳನ್ನು ಇವತ್ತೇ ಒಮ್ಮೆ ನೋಡಿ ಬನ್ನಿ. ರೈಲು ಹಳಿ ದಾಟುವ ಕಡೆಯೂ ಇದೇ ಮಾತು. ದಾರಿಯನ್ನು ಸ್ವಲ್ಪ ಬಾಗಿಸಿಯಾದರೂ ಸೈಕಲ್ ಹಳಿಯನ್ನು ನೇರ ಅಡ್ಡಕ್ಕೆ ದಾಟುವಂತೆ ಮಾಡಬೇಕು.

ಪಥ ತುಂಡು ತುಂಡಾಗಿದ್ದರೆ ಪ್ರಯೋಜನವಿಲ್ಲ. ಸ್ಪೇನಿನ ಸೆವಿಲ್ ನಗರ 2006ರ ಸುಮಾರಿಗೆ ಶುರುಮಾಡಿ, ಒಂದಕ್ಕೊಂದು ಕೂಡಿಕೊಂಡ ಸುಮಾರು 80 ಕಿಲೋಮೀಟರ್ ಪಥವನ್ನು ಬೇಗ ಬೇಗ ಕಟ್ಟಿ ಮುಗಿಸಿತು. ಅದಕ್ಕೆ ಮೊದಲು ಅಲ್ಲಿ ಸೈಕಲ್ ತುಳಿಯುವವರೇ ಅಪರೂಪ, ಕೆಲವೇ ವರ್ಷದಲ್ಲಿ ಅವರ ಸಂಖ್ಯೆ ಹಲವು ಪಟ್ಟು ಏರಿತು. ಎಲ್ಲಿಂದ ಎಲ್ಲಿಗಾದರೂ ಹೋಗಿ ಸೇರಬಹುದು ಎಂದಾಗಲೇ ಜನ ಸೈಕಲ್ ಹೊರಗೆ ತೆಗೆಯುತ್ತಾರೆ.

ವಾಹನವಿಲ್ಲದ ದಾರಿಗಳು

ಕಾಲುವೆಯ ಏರಿ, ಹಳೆಯ ರೈಲು ದಾರಿ, ಕೆರೆಯ ದಂಡೆ ಇವನ್ನೆಲ್ಲ ನಡಿಗೆಗೆ, ಸೈಕಲಿಗೆ ಮಾಡಬಹುದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಿಟ್ಟುಹೋದ ರೈಲು ಮಾರ್ಗವೊಂದು 1960ರ ದಶಕದಲ್ಲೇ ಎಲ್ರಾಯ್–ಸ್ಪಾರ್ಟಾ ದಾರಿಯಾಯಿತು. ರೈಲು ದಾರಿ ಕಡಿದಾಗಿ ಏರುವುದಿಲ್ಲವಾದ್ದರಿಂದ ಮುದುಕರಿಗೂ ಮಕ್ಕಳಿಗೂ ಹಿತ. ಹೊಸದಾಗಿ ಮಾಡುವುದಾದರೆ 100 ಮೀಟರಿಗೆ 5 ಮೀಟರಿಗಿಂತ ಜಾಸ್ತಿ ಏರು ಕೊಡಬೇಡಿ.

ಅಗಲ 3 ಮೀಟರ್, ಎರಡೂ ಬದಿ ಇನ್ನೂ 60 ಸೆಂಟಿಮೀಟರ್ ಗಿಡಗಂಟಿ ಇಲ್ಲದ ಬಯಲು, ತಲೆಯ ಮೇಲೆ ಎರಡೂವರೆ ಮೀಟರ್ ಖಾಲಿ. ಜನ ಜಾಸ್ತಿಯಾದರೆ ನಡೆಯುವವರಿಗೂ ಸೈಕಲಿಗೂ ಬೇರೆ ಬೇರೆ ಪಟ್ಟಿ ಮಾಡಿ. ಹಿಂದಿನಿಂದ ಸದ್ದಿಲ್ಲದೆ ಸೈಕಲ್ ಬಂದರೆ ಅಮ್ಮ ಬೆಚ್ಚಿಬೀಳುತ್ತಾಳೆ. ಬೆಚ್ಚಿದರೆ ಆಯತಪ್ಪುತ್ತಾಳೆ.

ಕಾರು ನುಗ್ಗದಿರಲೆಂದು ದಾರಿಯ ಬಾಯಲ್ಲಿ ಕಬ್ಬಿಣದ ಗೂಟ ನೆಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಎಚ್ಚರ. ಗುಂಪಿನಲ್ಲಿ ಹಿಂದೆ ಬರುವ ಸೈಕಲಿನವರಿಗೆ ಗೂಟ ಕಾಣುವುದೇ ಕೊನೆಯ ಗಳಿಗೆಯಲ್ಲಿ. ಕಾರು ನಿಜವಾಗಿ ನುಗ್ಗುತ್ತಿದ್ದರೆ ಮಾತ್ರ ನೆಡಿ. ನೆಟ್ಟರೆ ಒಂದೂವರೆ ಮೀಟರ್ ಅಂತರ ಬಿಡಿ, ಹೊಳೆಯುವ ಪಟ್ಟಿ ಅಂಟಿಸಿ. ವೀಲ್‌ಚೇರ್ ಹೋಗಲಾಗದ ತಿರುಗುಗೇಟು ಖಂಡಿತ ಬೇಡ.

ಕತ್ತಲಾದ ಮೇಲೆ ಹೆಂಗಸರು ಒಬ್ಬರೇ ಹೋಗದ ದಾರಿ ಅರ್ಧ ಜನಕ್ಕೆ ಮುಚ್ಚಿದ ದಾರಿ. ಅದಕ್ಕೆ ದೀಪವೊಂದೇ ಸಾಲದು. ಹೊರಗೆ ಹೋಗುವ ದಾರಿಗಳು ಆಗಾಗ ಸಿಗಬೇಕು, ಪಕ್ಕದ ಮನೆ ಅಂಗಡಿಗಳಿಂದ ದಾರಿ ಕಾಣುತ್ತಿರಬೇಕು, ತಿರುವಿನಲ್ಲಿ ಪೊದೆ ಇರಬಾರದು. ದಾರಿ ವಾಹನದ ರಸ್ತೆಯನ್ನು ದಾಟುವ ಜಾಗವೇ ಎಲ್ಲಕ್ಕಿಂತ ಅಪಾಯದ್ದು. ಅಲ್ಲಿ ಎತ್ತರಿಸಿದ ದಾಟು, ತೆರವಾದ ಮೂಲೆ, ನಡುವೆ ದ್ವೀಪ, ಮೇಲೆ ಹೇಳಿದ್ದೆಲ್ಲವೂ ಬೇಕು.

ಒಪ್ಪಿಸುವುದು

ಮೊದಲೇ ಸಿಮೆಂಟು ಹಾಕಿಸಲು ಹೋಗಬೇಡಿ. ಬಣ್ಣ, ಕೋನು, ಗಿಡದ ಕುಂಡ ಇಟ್ಟು ಒಂದು ತಿಂಗಳು ನೋಡೋಣ ಎಂದು ಕೇಳಿ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಂಥ ಜಾಗವನ್ನೇ 2009ರಲ್ಲಿ ಹೀಗೆ ತಾತ್ಕಾಲಿಕವಾಗಿ ವಾಹನಗಳಿಗೆ ಮುಚ್ಚಿ, ಮಡಚುವ ಕುರ್ಚಿ ಹಾಕಿ ನೋಡಿದರು. ಆಮೇಲೆ ಅದು ಕಾಯಂ ಆಯಿತು. ಪ್ರಯೋಗಕ್ಕೆ ಮೊದಲು ಅಳೆದ ಆ ನೂರು ವಾಹನಗಳ ವೇಗವನ್ನು ಪ್ರಯೋಗದ ನಡುವೆ ಮತ್ತೆ ಅಳೆಯಿರಿ. ಎರಡು ಅಂಕಿ ಅಕ್ಕಪಕ್ಕ ಇಟ್ಟರೆ ಸಭೆಯಲ್ಲಿ ಅರ್ಧ ಜಗಳ ಕಡಿಮೆ.

ವಿರೋಧಿಸುವವರ ಮನೆಗೆ ಹೋಗಿ ಕೂತು ಕೇಳಿ. ಅಂಗಡಿಯವರಿಗೆ ಸಾಮಾನು ಇಳಿಸುವ ಚಿಂತೆ, ವಯಸ್ಸಾದವರಿಗೆ ಮನೆ ಬಾಗಿಲಿಗೆ ಕಾರು ಬರಬೇಕೆಂಬ ಚಿಂತೆ. ಎರಡೂ ನ್ಯಾಯವೇ. ನಕ್ಷೆಯಲ್ಲಿ ಅವರಿಗೆ ಜಾಗ ಮಾಡಿಕೊಡಿ. ಇವತ್ತು ಸೈಕಲಿಗೆ ಹೆಸರಾದ ನೆದರ್ಲೆಂಡ್ಸ್ ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಅಪ್ಪ ಅಮ್ಮಂದಿರು ಬೀದಿಗೆ ಇಳಿದರು. ಅಲ್ಲಿಂದ ಆ ದೇಶದ ರಸ್ತೆಗಳು ಬದಲಾಗತೊಡಗಿದವು.

ನಮ್ಮ 14 ಮೀಟರ್ ರಸ್ತೆಯ ದ್ವೀಪಕ್ಕೆ ಅರ್ಜಿ ಕೊಟ್ಟು, ಕೋನು ಇಟ್ಟು, ಅಳೆದು, ಮತ್ತೆ ಅರ್ಜಿ ಕೊಟ್ಟು, ಒಂದೂವರೆ ವರ್ಷ ಹಿಡಿಯಿತು. ಕಟ್ಟಿದ ಮೇಲೆ ಅಮ್ಮನನ್ನು ಕರೆದುಕೊಂಡು ಹೋದೆ. ಮೊದಲ 6 ಮೀಟರ್ ದಾಟಿ ದ್ವೀಪದಲ್ಲಿ ವಾಕರ್ ಊರಿ ನಿಂತಳು. ಹಸಿರಿನಲ್ಲಿ ಇನ್ನೂ ಎರಡು ಸೆಕೆಂಡು ಉಳಿದಿತ್ತು. ಆಮೇಲೆ ವಾಹನಗಳು ಎರಡೂ ಕಡೆ ಹೊರಟವು. ಅವಳು ಉಸಿರು ಬಿಟ್ಟು ಸುತ್ತ ನೋಡಿ, "ಇಲ್ಲಿ ನಿಂತ್ರೆ ಯಾರಿಗೂ ತಡ ಆಗಲ್ಲ ಅಲ್ವೇನೋ?" ಅಂದಳು.

ಅಲ್ಲಿ ಒಂದು ದೀಪದ ಕಂಬ ಇನ್ನೂ ಪಟ್ಟಿಯ ಆಚೆ ಬದಿಯಲ್ಲೇ ಇದೆ. ಕತ್ತಲಲ್ಲಿ ದಾಟುವವರು ನೆರಳಿನಂತೆ ಕಾಣುತ್ತಾರೆ. ಫೋಟೋ ತೆಗೆದಿದ್ದೇನೆ, ದೂರ ಅಳೆದಿದ್ದೇನೆ. ಸೋಮವಾರ ಅದರ ಅರ್ಜಿ ಕೊಡಬೇಕು.